ನೀರು ಬಂತು, ಕೆರೆ ಯಾರದಾಯ್ತು?

 

ದಾವಣಗೆರೆ ಅನ್ನೋ ಹೆಸರಲ್ಲೇ ಕೆರೆ ಇದೆ. ಆದರೆ ಈ ಸೀಮೆಯ ಕೆರೆಗಳ ಚರಿತ್ರೆ ಅಂದರೆ ರಾಜ ಕಟ್ಟಿಸಿದ, ಇಂಜಿನಿಯರ್ ತುಂಬಿಸಿದ ಅಂತ ಎರಡೇ ಸಾಲು. ನಡುವೆ ದುಡಿದವರ ಲೆಕ್ಕ ಎಲ್ಲೂ ಇಲ್ಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೋಡಿ. ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ತಡೆದು ಕಟ್ಟಿದ್ದು. ಅದೇ ಹಳ್ಳ ಮುಂದೆ ಹರಿಹರದ ಹತ್ತಿರ ತುಂಗಭದ್ರೆ ಸೇರುತ್ತೆ. ತಮ್ಮ ಕೇರಿಯ ಜಾಗ ಬಿಟ್ಟುಕೊಟ್ಟ ಹೆಣ್ಣುಮಕ್ಕಳು ಕೆರೆಗೆ ನಮ್ಮ ಹೆಸರಿರಲಿ ಅಂತ ಕೇಳಿದರು ಅನ್ನೋದು ಐತಿಹ್ಯ. ಈಗ ಬೋರ್ಡಿನಲ್ಲಿ ಅದು ಶಾಂತಿಸಾಗರ. ಜಾಗ ಕೊಟ್ಟವರ ಹೆಸರೂ ಉಳಿಯಲಿಲ್ಲ.

ಕರ್ನಾಟಕದ ಎಷ್ಟೋ ಊರುಗಳಲ್ಲಿ ತೂಬು ಎತ್ತಿ ಇಳಿಸಿ, ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿಗಳು ನಮ್ಮ ಜನ. ನೀರು ಹಂಚೋ ಕೈ ನಮ್ಮದು, ಮುಟ್ಟೋ ಹಕ್ಕು ಮಾತ್ರ ಇಲ್ಲ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡ್‌ನ ಚೌದಾರ್ ಕೆರೆ ನೀರು ಕುಡಿದಿದ್ದು ಈ ಅನ್ಯಾಯದ ವಿರುದ್ಧವೇ. ಹಾಗಾಗಿ ಹಳೇ ಕೆರೆ ವ್ಯವಸ್ಥೆ ಸ್ವರ್ಗವಾಗಿತ್ತು ಅಂತ ನಾನು ಹೇಳಲ್ಲ.

ಆದರೂ ಒಂದು ಮಾತಿದೆ. ಹಳೇ ಕೆರೆ ಮಳೆಗೆ ತುಂಬಿ ಬೇಸಿಗೆಗೆ ಇಳಿಯುತ್ತಿತ್ತು. ನೀರು ಸರಿದ ಅಂಗಳದಲ್ಲಿ ಹುಲ್ಲು ಬರುತ್ತಿತ್ತು, ದನಕ್ಕೆ ಮೇವು. ಹೂಳು ಹೊಲಕ್ಕೆ ಹೋಗುತ್ತಿತ್ತು. ತೆಳು ನೀರಲ್ಲಿ ಹುಳ, ಸಣ್ಣ ಮೀನು ಆರಿಸೋಕೆ ಕೊಕ್ಕರೆ ಬರುತ್ತಿದ್ದವು. ಕೆಸರಲ್ಲಿ ಕೊರವ ಮೀನು ಸಿಗುತ್ತಿತ್ತು. ಗುಂಟೆ ಜಮೀನಿಲ್ಲದವನಿಗೂ ಆ ಇಳಿದ ಕೆರೆಯೇ ಆಸರೆ.

1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದು ನಾಲೆ ಈ ಕಡೆ ಬಂತು. ಜೋಳ, ರಾಗಿಯ ಹೊಲಗಳು ಭತ್ತದ ಗದ್ದೆಯಾದವು. ಒಳ್ಳೇದಾಗಿಲ್ಲ ಅಂತಲ್ಲ. ಆದರೆ ನಾಲೆ ನೀರು ಜಮೀನು ಇದ್ದವನ ಹಿಂದೆ ಹೋಗುತ್ತೆ. ಜಮೀನಿಲ್ಲದವನಿಗೆ ಸಿಕ್ಕಿದ್ದು ನಾಟಿ ಕೂಲಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಚಾಕರಿ ಹೋಯ್ತು, ಹೋಗಬೇಕಾದ್ದೇ. ಆದರೆ ನೀರಗಂಟಿಯ ಅನುಭವಕ್ಕೆ ಸಂಬಳದ ಹುದ್ದೆ ಕೊಡಬೇಕು ಅಂತ ಯಾರಿಗೂ ಅನಿಸಲಿಲ್ಲ.

ಅದೇ ದಶಕದಲ್ಲಿ ಸೋವಿಯತ್ ಒಕ್ಕೂಟ ಹತ್ತಿ ಬೆಳೆಯೋಕೆ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರು ತಿರುಗಿಸಿ ಅರಲ್ ಸಮುದ್ರವನ್ನೇ ಬತ್ತಿಸಿತು. ಮೀನುಗಾರರ ಊರುಗಳು ಉಪ್ಪು ಧೂಳಲ್ಲಿ ಹಾಳಾದವು. ನೀರು ಕಿತ್ತುಕೊಂಡರೆ ಕೆರೆ ಸಾಯುತ್ತೆ, ಇದು ಎಲ್ಲರಿಗೂ ಗೊತ್ತು. ಹೊರಗಿನ ನೀರು ತಂದು ವರ್ಷವಿಡೀ ತುಂಬಿಟ್ಟರೂ ಕೆರೆ ಕೆಡುತ್ತೆ, ಇದು ಕಣ್ಣಿಗೆ ಬೀಳಲ್ಲ. ಅಂಗಳ ಒಣಗದಿದ್ದರೆ ಹುಲ್ಲಿಲ್ಲ, ತೆಳು ನೀರಿನ ಹಕ್ಕಿಗೆ ಜಾಗವಿಲ್ಲ. ಗದ್ದೆಯ ಗೊಬ್ಬರ ಬೆರೆತ ಬಸಿ ನೀರು ಸೇರಿದರೆ ಜೊಂಡು, ಅಂತರಗಂಗೆ ಹಬ್ಬುತ್ತೆ. ಕಾಟ್ಲಾ, ರೋಹು ಬಿಟ್ಟು ಹರಾಜು ಹಾಕಿದರೆ ಬಡವನ ಗಾಳಕ್ಕೆ ಜಾಗವೂ ಇಲ್ಲ. ನೀರು ಹೇಗೂ ಪೈಪಲ್ಲಿ ಬರುತ್ತೆ ಅಂತ ಕೆರೆಗೆ ಬರೋ ಹಳ್ಳ ಮುಚ್ಚಿ ಲೇಔಟ್ ಮಾಡೋರಿಗೂ ಧೈರ್ಯ ಬರುತ್ತೆ.

ಇವತ್ತು ಕುಂದವಾಡ ಕೆರೆ ತುಂಬೋದು ಭದ್ರಾ ನಾಲೆಯಿಂದ. ಹರಿಹರ ಹತ್ತಿರದ ರಾಜನಹಳ್ಳಿಯಿಂದ ತುಂಗಭದ್ರೆ ನೀರೆತ್ತಿ 22 ಕೆರೆ ತುಂಬಿಸೋ ಯೋಜನೆಯೂ ಇದೆ. ಬರದ ಜಗಳೂರು ಕಡೆಗೆ ನೀರು ಬೇಕೇ ಬೇಕು, ನಮ್ಮ ಕೇರಿಗಳಿಗೂ ಬೇಕು. ಪ್ರಶ್ನೆ ಇಷ್ಟೇ: ಕೆರೆ ಅಂದರೆ ಬರೀ ನೀರಿನ ಟ್ಯಾಂಕಾ?

ನಮ್ಮ ಒತ್ತಾಯ ಮೂರು. ಬೇಸಿಗೆಯಲ್ಲಿ ಕೆರೆ ಅಂಚು ಇಳಿಯೋಕೆ ಬಿಡಿ, ಹಳ್ಳಗಳ ಒತ್ತುವರಿ ತೆಗೆಸಿ. ಮೀನಿನ ಹಕ್ಕಲ್ಲಿ ಭೂಮಿ ಇಲ್ಲದವರಿಗೆ ಮೊದಲ ಪಾಲು ಕೊಡಿ. ನೀರಗಂಟಿ ಕೆಲಸವನ್ನು ಜಾತಿಯ ಚಾಕರಿಯಾಗಿ ಅಲ್ಲ, ಯಾರು ಬೇಕಾದರೂ ಮಾಡಬಹುದಾದ ಸಂಬಳದ ಹುದ್ದೆಯಾಗಿ ತನ್ನಿ.

ಮುಂದಿನ ಗ್ರಾಮಸಭೆಯಲ್ಲಿ ಕೆರೆ ವಿಷಯ ಬಂದಾಗ ಎಷ್ಟು ನೀರು ಬಂತು ಅಂತ ಮಾತ್ರ ಕೇಳಬೇಡಿ. ಯಾರಿಗೆ ಬಂತು ಅಂತಲೂ ಕೇಳಿ.

ಜೈ ಭೀಮ್.