ಮದರಾಸಿನ ಕನ್ನಡಿಗರ ನಾಮಕರಣ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮೈಸೂರು ರಾಜ್ಯವನ್ನು ಸೇರಿದುವು. ಕಾಸರಗೋಡು ಕೇರಳಕ್ಕೆ ಹೋಯಿತು. ಬಳ್ಳಾರಿಯ ಬಹುಭಾಗವು 1953ರಲ್ಲಿಯೇ ಮೈಸೂರಿಗೆ ಸೇರಿತ್ತು. ರಾಜಧಾನಿಯೆಂಬ ಕಾರಣದಿಂದ ವಿದ್ಯೆಗಾಗಿ, ನೌಕರಿಗಾಗಿ, ಹೋಟೆಲಿನ ಉದ್ಯಮಕ್ಕಾಗಿ ಮದರಾಸಿಗೆ ಬಂದು ನೆಲಸಿದ್ದ ಈ ಪ್ರದೇಶಗಳ ಕನ್ನಡಿಗರು, ಇದ್ದ ಮನೆಯಲ್ಲಿ ಇದ್ದಂತೆಯೇ ಹೊರನಾಡಿಗರಾದರು. ಅಂಥ ಮನೆಗಳಲ್ಲಿ ಹುಟ್ಟಿದ ಮಕ್ಕಳ ಹೆಸರುಗಳನ್ನು ಚರಿತ್ರೆಯ ಸಾಮಗ್ರಿಯೆಂದು ಪರಿಗಣಿಸಿದರೆ ಅತಿಶಯವಾಗಲಾರದು.

ಕನ್ನಡ ನಾಡಿನ ಹಲವೆಡೆ ಪೂರ್ಣನಾಮಕ್ಕೆ ಮೂರು ಅಂಗಗಳು: ಊರು, ತಂದೆ, ತಾನು. ಇದಕ್ಕೆ ಉತ್ತಮ ನಿದರ್ಶನವು ಚಿತ್ರನಟ ರಾಜಕುಮಾರ್ ಅವರದು. 1929ರಲ್ಲಿ ಗಾಜನೂರಿನಲ್ಲಿ ಜನಿಸಿದ ಅವರ ಹುಟ್ಟುಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಮಗ. ಊರುಗಳ ಗತಿಯೂ ವಿಚಿತ್ರವಾದುದೇ: ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರು ಮೈಸೂರಿಗೆ ಬಂದಿತು, ಗಾಜನೂರು ತಮಿಳುನಾಡಿನಲ್ಲಿಯೇ ಉಳಿಯಿತು. 1954ರ 'ಬೇಡರ ಕಣ್ಣಪ್ಪ' ಚಿತ್ರಕ್ಕಾಗಿ ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರು ಇಟ್ಟ ಹೊಸ ಹೆಸರಿನಲ್ಲಿ ಊರೂ ಇಲ್ಲ, ತಂದೆಯೂ ಇಲ್ಲ. ಆದರೆ 1962ರಲ್ಲಿ ಮದರಾಸಿನಲ್ಲಿ ಹುಟ್ಟಿದ ಹಿರಿಯ ಮಗನಿಗೆ ನಾಗರಾಜು ಶಿವ ಪುಟ್ಟಸ್ವಾಮಿ ಎಂದು ಹೆಸರಾಯಿತು. ಬೆಳ್ಳಿತೆರೆಯಲ್ಲಿ ಮರೆಯಾದ ತಾತನು ತೊಟ್ಟಿಲಿಗೆ ಮರಳಿದನು. 1975ರಲ್ಲಿ ಅದೇ ನಗರದಲ್ಲಿ ಜನಿಸಿದ ಕಿರಿಯ ಮಗನಿಗೆ ಲೋಹಿತ್ ಎಂದು ಕರೆದರು. ಬಾಲನಟನಾಗಿ ಆ ಹೆಸರಿನಿಂದಲೇ ಪ್ರಸಿದ್ಧನಾದ ಹುಡುಗನು ಮುಂದೆ ಪುನೀತ್ ಆದನು. ಒಂದೇ ಮನೆಯಲ್ಲಿ, ಹದಿಮೂರು ವರ್ಷಗಳ ಅಂತರದಲ್ಲಿ, ಪಿತಾಮಹನ ಹೆಸರು ಹೋಗಿ ಊರು ಕುಲಗಳಾವುದನ್ನೂ ಸೂಚಿಸದ ಸಂಸ್ಕೃತ ಪದವು ಬಂದುದು ಗಮನಾರ್ಹ. ಈ ಮಾರ್ಪಾಡು ಆ ಮನೆಗೆ ಮಾತ್ರ ಸೀಮಿತವಲ್ಲ.

ಮದರಾಸಿನ ಪರಿಸರವು ಹೆಸರನ್ನು ಇನ್ನೆರಡು ಬಗೆಯಲ್ಲಿ ತಿದ್ದಿತು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ ಸ್ವಾಭಿಮಾನ ಚಳವಳಿಯ ಸಮ್ಮೇಳನವು ಜಾತಿಸೂಚಕ ಉಪನಾಮಗಳನ್ನು ತ್ಯಜಿಸಬೇಕೆಂದು ನಿರ್ಣಯಿಸಿತು. ಕಾಲಕ್ರಮದಲ್ಲಿ ತಂದೆಯ ಹೆಸರಿನ ಒಂದು ಮೊದಲಕ್ಷರ, ಅನಂತರ ಸ್ವಂತ ಹೆಸರು, ಇಷ್ಟೇ ಅಲ್ಲಿ ರೂಢಿಯಾಯಿತು. ಈ ರೂಢಿಗೆ ಒಗ್ಗಿದ ಕನ್ನಡ ಮನೆಗಳಲ್ಲಿ 'ರಾವ್', 'ಭಟ್ಟ'ಗಳೊಡನೆ ಊರೂ ಉದುರಿತು. ಜಾತಿಯ ಗುರುತು ಹೋದುದಕ್ಕೆ ಯಾರೂ ವ್ಯಥೆಪಡಬೇಕಾಗಿಲ್ಲ. ಊರಿನ ವಿಷಯ ಬೇರೆ. ಎರಡನೆಯದು ಲಿಪಿಯ ತೊಡಕು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಅಕ್ಷರ ಒಂದೇ. ಮಹಾಪ್ರಾಣವಿಲ್ಲದ ಆ ಬರವಣಿಗೆಯಲ್ಲಿ ಭಾರತಿಯೂ ಪಾರತಿಯೂ ಒಂದೇ ರೂಪ ತಾಳುವರು. ಬ್ಯಾಂಕಿನ ಖಾತೆ ಪುಸ್ತಕಗಳನ್ನು ತಿರುವಿದವರಿಗೆ ಒಬ್ಬನೇ ವ್ಯಕ್ತಿಯ ಎರಡು ಬರಹಗಳು ತಂದೊಡ್ಡುವ ಫಜೀತಿಯನ್ನು ವಿವರಿಸಬೇಕಾಗಿಲ್ಲ.

ಶಾಸ್ತ್ರವು ಈ ವಿಚಾರದಲ್ಲಿ ಅವಸರಪಡಲಿಲ್ಲ. ಮನುವು ಹತ್ತನೆಯ ಅಥವಾ ಹನ್ನೆರಡನೆಯ ದಿನವನ್ನು ಹೇಳಿ, ಶುಭತಿಥಿಗೂ ಅವಕಾಶವಿತ್ತನು. ಗಂಡುಮಗುವಿಗೆ ಸಮಸಂಖ್ಯೆಯ, ಹೆಣ್ಣಿಗೆ ವಿಷಮಸಂಖ್ಯೆಯ ಅಕ್ಷರಗಳಿರಬೇಕೆಂಬುದು ಆಶ್ವಲಾಯನ ಗೃಹ್ಯಸೂತ್ರದ ಮತ. ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುವ ಪದ್ಧತಿಯನ್ನು ಹೊರನಾಡಿನ ಮನೆಗಳೂ ಬಿಟ್ಟಿಲ್ಲ. ನಮ್ಮ ಕಾಯಿದೆಯೂ ಉದಾರವಾದುದೇ: 1969ರ ಜನನ ಮರಣ ನೋಂದಣಿ ಕಾಯಿದೆಯ 14ನೆಯ ವಿಧಿಯಂತೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಬಹುದು. ಅಮೆರಿಕೆಯ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ತಾಯಿ ಮಗು ಮನೆಗೆ ಹೊರಡುವ ಮುನ್ನವೇ ಈ ಕಾಗದವನ್ನು ತುಂಬಬೇಕಾಗುತ್ತದೆ. ಹನ್ನೆರಡನೆಯ ದಿನದ ಶಾಸ್ತ್ರವು ಆಗ ಬರೆದಾದ ಹೆಸರನ್ನು ಮತ್ತೆ ಬರೆಯುವುದಾಗುತ್ತದೆ. ಅಜ್ಜಿಯ ಅಭಿಪ್ರಾಯವು ದೂರವಾಣಿಯಲ್ಲಿ ತಡವಾಗಿ ತಲುಪುತ್ತದೆ.

ಚೆನ್ನೈಯಿಂದ ಅಲ್ಲಿಗೆ ಹೋದ ಕನ್ನಡಿಗನ ಮೊದಲಕ್ಷರವನ್ನು ಪಾಸ್‌ಪೋರ್ಟಿಗಾಗಿ ಬಿಡಿಸಿ ಬರೆದಾಗ ತಂದೆಯ ಹೆಸರೇ ಕುಲನಾಮದ ಸ್ಥಾನಕ್ಕೆ ಬರುವುದುಂಟು. ಅವನ ಮಗುವಿಗೂ ಅದೇ ಮುಂದುವರಿದರೆ ತಾತನ ಹೆಸರು, ಯಾರೂ ಉದ್ದೇಶಿಸದೆಯೇ, ಮೊಮ್ಮಗಳಿಗೂ ದೊರೆಯುತ್ತದೆ. ಊರು ಮಾತ್ರ ಬರುವುದಿಲ್ಲ. ಕರಾವಳಿಯ ಕೆಲವು ಮನೆತನಗಳು ಈ ನಷ್ಟದಿಂದ ಪಾರಾದುವು. ಅವರಲ್ಲಿ ಊರು ಕೊನೆಯಲ್ಲಿ ನಿಲ್ಲುತ್ತದೆ. ಆಕ್ಸ್‌ಫರ್ಡಿನಲ್ಲಿ ಓದಿ, 1963ರಿಂದ 1970ರವರೆಗೆ ಮದರಾಸಿನಲ್ಲಿ ಉದ್ಯೋಗದಲ್ಲಿದ್ದ ಗಿರೀಶ ಕಾರ್ನಾಡರ ಹೆಸರಿನೊಡನೆ ಮೂಲ್ಕಿಯ ಬಳಿಯ ಆ ಪುಟ್ಟ ಊರು ಎಲ್ಲೆಡೆಗೂ ಹೋಯಿತು.