ಹೋಲ್ಡರಿನಿಂದ ಮೂರು ಪಿನ್ನಿನವರೆಗೆ: ಮನೆಯ ಪ್ಲಗ್ ನಡೆದುಬಂದ ದಾರಿ

ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು 1905ರ ಆಗಸ್ಟ್ 5ರಂದು. ಕರೆಂಟು ಮನೆಯೊಳಗೆ ಕಾಲಿಟ್ಟದ್ದು ಮುಖ್ಯವಾಗಿ ದೀಪಕ್ಕಾಗಿಯೇ. ಇಸ್ತ್ರಿ ಪೆಟ್ಟಿಗೆ, ಫ್ಯಾನು, ನೀರು ಕಾಯಿಸುವ ಕಾಯ್ಲು ಇವೆಲ್ಲ ಬಂದದ್ದು ಆಮೇಲೆ. ದೀಪ ಇದ್ದಲ್ಲೇ ಇರುತ್ತದೆ, ಇಸ್ತ್ರಿ ಪೆಟ್ಟಿಗೆ ಹಾಗಲ್ಲ. ಅದನ್ನು ಹಿಡಿಯಬೇಕು, ಎಳೆಯಬೇಕು, ಒದ್ದೆ ಕೈಯಲ್ಲೂ ಮುಟ್ಟುವುದುಂಟು. ವೈರು, ಪ್ಲಗ್ಗು, ಸಾಕೆಟ್ಟುಗಳ ಇತಿಹಾಸವೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟಿದ್ದು. ಇಂದಿನ ಪ್ಲಗ್ಗಿನ ಒಂದೊಂದು ಭಾಗವೂ ಯಾವುದೋ ಒಂದು ಅಪಾಯಕ್ಕೆ ಕಂಡುಕೊಂಡ ಉತ್ತರ. ಯಾವ ಭಾಗ ಏಕೆ ಬಂತೆಂದು ತಿಳಿದರೆ ಅದನ್ನು ಕಿತ್ತು ಬಿಸಾಡುವ ಮನಸ್ಸು ಬಾರದು.

ದೀಪದ ಹೋಲ್ಡರೇ ಸಾಕೆಟ್ಟು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮನೆಗಳಲ್ಲಿ ಬಲ್ಬು ಬಿಚ್ಚಿ, ಅದೇ ಹೋಲ್ಡರಿಗೆ ಉಪಕರಣದ ತುದಿಯನ್ನು ತಿರುಗಿಸಿ ಕೂರಿಸುತ್ತಿದ್ದರು. ಹಾಗೆ ತಿರುಗಿಸುವಾಗ ವೈರೂ ಹುರಿಗೊಳ್ಳುತ್ತಿತ್ತು. ಹಾರ್ವೆ ಹಬೆಲ್ 1904ರಲ್ಲಿ ಪೇಟೆಂಟ್ ಪಡೆದ ಸಾಧನ ಎರಡು ತುಂಡಿನದು. ಒಂದು ತುಂಡು ಹೋಲ್ಡರಿನಲ್ಲೇ ಉಳಿಯುತ್ತದೆ, ಇನ್ನೊಂದನ್ನು ನೇರವಾಗಿ ಚುಚ್ಚಿ ನೇರವಾಗಿ ಎಳೆಯಬಹುದು. ಇಂದಿನ ಪ್ಲಗ್ಗಿನ ಮೂಲ ರೂಪ ಇದೇ.

ನಮ್ಮಲ್ಲಿ ಈ ಹಂತ ಬಹಳ ಕಾಲ ಮುಗಿಯಲಿಲ್ಲ. ಭಾಗ್ಯಜ್ಯೋತಿಯಂಥ ಯೋಜನೆಗಳಲ್ಲಿ ಬಡವರ ಮನೆಗೆ ಸಿಕ್ಕಿದ್ದು ಒಂದೇ ಬಲ್ಬಿನ ಸಂಪರ್ಕ. ಆ ಒಂದು ಹೋಲ್ಡರಿನಿಂದಲೇ ರೇಡಿಯೊ, ಟೇಬಲ್ ಫ್ಯಾನು, ಮುಂದೆ ಮೊಬೈಲ್ ಚಾರ್ಜರಿಗೂ ವೈರು ಎಳೆದರು. ಹೋಲ್ಡರಿಗೆ ಸಿಕ್ಕಿಸುವ ಟೂ ಪಿನ್ ಅಡಾಪ್ಟರು ಸಂತೆಯಲ್ಲೂ ಸಿಗುವ ವಸ್ತುವಾಯಿತು. ಹೋಲ್ಡರಿಗೆ ಬರುವ ವೈರು ಬಲ್ಬಿಗೆಂದೇ ಅಳೆದಿಟ್ಟ ಸಣ್ಣ ವೈರು, ಅದರಲ್ಲಿ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರು ಇರುವುದೇ ಇಲ್ಲ. ಚಾರ್ಜರಿಗೆ ಅದು ನಡೆದೀತು. ಇಸ್ತ್ರಿ ಪೆಟ್ಟಿಗೆಗೆ ನಡೆಯದು.

ಮೂರನೆಯ ಪಿನ್ನು ಏಕೆ?

ಉಪಕರಣ ಕೆಲಸ ಮಾಡಲು ಕರೆಂಟು ತರುವ ಫೇಸ್ ಮತ್ತು ಅದನ್ನು ಮರಳಿ ಒಯ್ಯುವ ನ್ಯೂಟ್ರಲ್ ಎರಡೇ ಸಾಕು. ಮೂರನೆಯದಾದ ಅರ್ಥ್ ಬೇಕಾಗುವುದು ಏನಾದರೂ ಕೆಟ್ಟಾಗ. ಒಳಗಿನ ಫೇಸ್ ವೈರಿನ ಹೊದಿಕೆ ಸವೆದು ಲೋಹದ ಮೈಗೆ ತಾಗಿದರೆ ಇಡೀ ಉಪಕರಣದ ಮೈಗೇ 230 ವೋಲ್ಟ್ ಬರುತ್ತದೆ. ಅರ್ಥ್ ವೈರು ಇದ್ದರೆ ಆ ಕರೆಂಟಿಗೆ ನೆಲಕ್ಕೆ ಸುಲಭದ ದಾರಿ ಸಿಗುತ್ತದೆ, ಒಮ್ಮೆಲೇ ಭಾರಿ ಪ್ರವಾಹ ಹರಿದು ಫ್ಯೂಸು ಹಾರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ.

ಜರ್ಮನಿಯಲ್ಲಿ 1920ರ ದಶಕದಲ್ಲಿ ಬಂದ ಶೂಕೊ ಪ್ಲಗ್ಗು ಅರ್ಥನ್ನು ಅಂಚಿನ ಲೋಹದ ಪಟ್ಟಿಗಳ ಮೂಲಕ ಕೊಟ್ಟಿತು. ಬ್ರಿಟನ್ ದುಂಡು ಪಿನ್ನುಗಳ ದಾರಿ ಹಿಡಿಯಿತು. ಅಲ್ಲಿನ 1934ರ ಬಿಎಸ್ 546 ಮಾನದಂಡವೇ ನಮ್ಮ ಪ್ಲಗ್ಗಿನ ಪೂರ್ವಜ. ಭಾರತದ ಐಎಸ್ 1293 ಅದೇ ನಮೂನೆಯ ಮೇಲೆ ನಿಂತಿದೆ. ಹಿರಿಯರು 5 ಆಂಪಿಯರ್, 15 ಆಂಪಿಯರ್ ಎನ್ನುತ್ತಿದ್ದ ಪ್ಲಗ್ಗುಗಳು ಈಗ 6 ಮತ್ತು 16 ಆಂಪಿಯರಿನವು.

ಅರ್ಥ್ ಪಿನ್ನು ಮಿಕ್ಕೆರಡಕ್ಕಿಂತ ಉದ್ದ, ದಪ್ಪ. ಉದ್ದವಾಗಿರುವುದರಿಂದ ಚುಚ್ಚುವಾಗ ಮೊದಲು ತಾಗುತ್ತದೆ, ಎಳೆಯುವಾಗ ಕೊನೆಗೆ ಬಿಡುತ್ತದೆ. ಉಪಕರಣಕ್ಕೆ ಕರೆಂಟು ಇರುವಷ್ಟು ಹೊತ್ತೂ ರಕ್ಷಣೆ ಇರುತ್ತದೆ. ದಪ್ಪವಾಗಿರುವುದರಿಂದ ಫೇಸಿನ ತೂತಿಗೆ ತಪ್ಪಿ ಹೊಗದು. ಈಚಿನ ಸಾಕೆಟ್ಟುಗಳಲ್ಲಿ ಕೆಳಗಿನ ಎರಡು ತೂತುಗಳನ್ನು ಮುಚ್ಚಿರುವ ಷಟರನ್ನು ತೆರೆಯುವುದೂ ಇದೇ ಉದ್ದದ ಪಿನ್ನು. ಮಗು ತಂತಿಯ ತುಂಡನ್ನು ತೂರಿಸದಿರಲೆಂದು ಮಾಡಿದ ಏರ್ಪಾಡು ಇದು. ಅರ್ಥಿನ ತೂತಿಗೆ ಪೆನ್ನಿನ ತುದಿ ಒತ್ತಿ ಟೂ ಪಿನ್ ತುರುಕುವವರು ಈ ಕಾವಲನ್ನೇ ಮುರಿಯುತ್ತಾರೆ.

ಬ್ರಿಟನ್ ಬದಲಾಯಿತು, ನಾವು ಉಳಿದೆವು

ಎರಡನೆಯ ಮಹಾಯುದ್ಧದ ಬಳಿಕ ಬ್ರಿಟನ್ನಿನಲ್ಲಿ ತಾಮ್ರದ ಕೊರತೆಯಿತ್ತು. ಒಂದೇ ವೈರನ್ನು ಬಳೆಯಂತೆ ಸುತ್ತಿಸಿ ಹಲವು ಸಾಕೆಟ್ಟುಗಳಿಗೆ ಕೊಡುವ ರಿಂಗ್ ಪದ್ಧತಿ ಬಂತು. ಬೋರ್ಡಿನಲ್ಲಿ 30 ಆಂಪಿಯರಿನ ಫ್ಯೂಸು ಇರುವಾಗ ತೆಳ್ಳನೆಯ ವೈರಿನ ದೀಪಕ್ಕೆ ಅದರಿಂದ ರಕ್ಷಣೆ ಸಿಗದು. ಹಾಗಾಗಿ 1947ರ ಬಿಎಸ್ 1363 ಮಾನದಂಡ ಚೌಕ ಪಿನ್ನಿನ 13 ಆಂಪಿಯರ್ ಪ್ಲಗ್ಗಿನ ಹೊಟ್ಟೆಯೊಳಗೇ ಒಂದು ಫ್ಯೂಸನ್ನಿಟ್ಟಿತು. ಯುದ್ಧಾನಂತರದ ವೈರಿಂಗ್ ಕುರಿತು ಯೋಚಿಸಿದ ಸಮಿತಿಯಲ್ಲಿ ಇಂಜಿನಿಯರ್ ಕ್ಯಾರೊಲಿನ್ ಹ್ಯಾಸ್ಲೆಟ್ ಕೂಡ ಇದ್ದರು.

ಭಾರತ, ನೇಪಾಳ, ದಕ್ಷಿಣ ಆಫ್ರಿಕಾಗಳಲ್ಲಿ ದುಂಡು ಪಿನ್ನು ಉಳಿಯಿತು. ನಮ್ಮ ಪ್ಲಗ್ಗಿನಲ್ಲಿ ಫ್ಯೂಸಿಲ್ಲ, ವೈರನ್ನು ಕಾಯುವುದು ಬೋರ್ಡಿನ ಫ್ಯೂಸು ಅಥವಾ ಕರೆಂಟು ಮಿತಿಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ಚು ಮಾತ್ರ. ಈ ವ್ಯತ್ಯಾಸ ನಮ್ಮ ಕರಾವಳಿಯ ಮನೆಗಳಲ್ಲಿ ಎದ್ದು ಕಾಣುತ್ತದೆ. ದುಬೈ, ದೋಹಾಗಳಿಂದ ತಂದ ಇಸ್ತ್ರಿ ಪೆಟ್ಟಿಗೆ, ರೈಸ್ ಕುಕರುಗಳಿಗೆ ಬ್ರಿಟಿಷ್ ಚೌಕ ಪಿನ್ನು ಇರುತ್ತದೆ. ಇಲ್ಲಿ ಹೊಂದದೆಂದು ಪ್ಲಗ್ ಕತ್ತರಿಸಿದರೆ ಅದರೊಂದಿಗೆ ಫ್ಯೂಸೂ ಹೋಯಿತು. ಕತ್ತರಿಸುವುದೇ ಆದರೆ ಉಪಕರಣದ ವ್ಯಾಟ್ ನೋಡಿ ತಕ್ಕ ಮೂರು ಪಿನ್ನಿನ ಪ್ಲಗ್ ಹಾಕಬೇಕು, ಅರ್ಥ್ ವೈರನ್ನು ಸುತ್ತಿ ಒಳಗೆ ತುರುಕಬಾರದು.

ಹತ್ತಿಯ ಹೊದಿಕೆಯಿಂದ ಪಿವಿಸಿಗೆ

ಹಳೆಯ ವೈರುಗಳಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿ ನೂಲಿನ ಹೆಣಿಗೆ ಇರುತ್ತಿತ್ತು. ವರ್ಷಗಳು ಕಳೆದಂತೆ ರಬ್ಬರು ಒಣಗಿ ಬಿರುಕುಬಿಡುತ್ತದೆ. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದ ವೈರಿಂಗ್ ಇರುವ ಹಳೆಯ ಮನೆಗಳಲ್ಲಿ ಇಂದಿಗೂ ಮುಟ್ಟಿದರೆ ಉದುರುವ ಹೊದಿಕೆ ಕಾಣಸಿಗುತ್ತದೆ. ಅಲ್ಲಿ ಟೇಪು ಸುತ್ತಿ ಪ್ರಯೋಜನವಿಲ್ಲ, ವೈರನ್ನೇ ಬದಲಿಸಬೇಕು. ಪಿವಿಸಿ ಬಂದ ಮೇಲೆ ಈ ಸಮಸ್ಯೆ ಬಹುಮಟ್ಟಿಗೆ ತಗ್ಗಿತು.

ಬಣ್ಣದ ವಿಷಯದಲ್ಲಿ ಗೊಂದಲ ಇನ್ನೂ ಉಳಿದಿದೆ. ನಮ್ಮ ಗೋಡೆಯೊಳಗಿನ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸುಗಳು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಉಪಕರಣದ ಜೊತೆ ಬರುವ ವೈರಿನಲ್ಲಾದರೋ ಅಂತರರಾಷ್ಟ್ರೀಯ ಪದ್ಧತಿಯಂತೆ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ಅಂದರೆ ಕುಕರಿನ ನೀಲಿ ನ್ಯೂಟ್ರಲ್ ಆದರೆ, ಥ್ರೀ ಫೇಸ್ ಮನೆಯ ಗೋಡೆಯ ನೀಲಿ ಶಾಕ್ ಹೊಡೆಯುವ ಫೇಸ್. ಗೋಡೆಯ ವೈರಿಗೆ ಕೈಹಾಕುವ ಮುನ್ನ ಬಣ್ಣವನ್ನು ನಂಬದೆ ಮೇನ್ ಆಫ್ ಮಾಡಿ, ಟೆಸ್ಟರಿನಿಂದ ನೋಡಬೇಕು.

ಫ್ಯೂಸು ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ

ಪಿಂಗಾಣಿಯ ಫ್ಯೂಸಿಗೆ ತಂತಿ ಕಟ್ಟುವ ಕಾಲದಲ್ಲಿ ಪದೇ ಪದೇ ಹಾರುತ್ತದೆಂದು ದಪ್ಪ ತಾಮ್ರದ ಎಳೆ ಕಟ್ಟಿಬಿಡುವುದು ಸಾಮಾನ್ಯವಾಗಿತ್ತು. ಆ ಚಾಳಿಯನ್ನು ಎಂಸಿಬಿ ತಪ್ಪಿಸಿತು. ಆದರೆ ಎರಡರ ಕೆಲಸವೂ ವೈರು ಕಾದು ಬೆಂಕಿ ಹೊತ್ತದಂತೆ ನೋಡುವುದು. 6 ಆಂಪಿಯರಿನ ಎಂಸಿಬಿ ಎಂದರೆ 6,000 ಮಿಲಿಆಂಪಿಯರಿನದು. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಝಿಯಲ್, ಕರೆಂಟಿನ ತಂತಿ ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಆಗುವ ಮಿತಿ ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ 10.5 ಮಿಲಿಆಂಪಿಯರ್ ಎಂದು ಪ್ರಯೋಗಗಳಿಂದ ಕಂಡುಕೊಂಡರು. ಜೀವ ಹೋಗುವಷ್ಟು ಕರೆಂಟು ಮೈಯಲ್ಲಿ ಹರಿದರೂ ಎಂಸಿಬಿಗೆ ಅದು ಲೆಕ್ಕಕ್ಕೇ ಬಾರದು.

ಈ ಕೊರತೆ ತುಂಬುವ ಸಾಧನ ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್ಲಿನಲ್ಲಿ ಮರಳಿತೇ ಎಂದು ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರಿನಷ್ಟು ಸೋರಿದರೆ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಕಡಿದುಹಾಕುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಮನೆಬಳಕೆಗೆ ಈ 30 ಮಿಲಿಆಂಪಿಯರಿನ ಮಿತಿಯನ್ನೇ ಹಾಕಿವೆ. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಅದೂ ಉಳಿಸಲಾರದು. ಆಗ ಮನುಷ್ಯನೂ ಅದರ ಕಣ್ಣಿಗೆ ಒಂದು ಬಲ್ಬಿನಂತೆಯೇ.

ಪ್ಲಗ್ ಕಟ್ಟುವಾಗ

ಮೊದಲು ಲೆಕ್ಕ. 230 ವೋಲ್ಟಿನಲ್ಲಿ 6 ಆಂಪಿಯರಿನ ಪ್ಲಗ್ ಹೊರಬಲ್ಲದ್ದು 1,380 ವ್ಯಾಟ್. ಬಕೆಟ್ಟಿಗೆ ಇಳಿಬಿಡುವ 1,500 ವ್ಯಾಟಿನ ಹೀಟರ್ ಕಾಯ್ಲು ಎಳೆಯುವುದು ಸುಮಾರು 6.5 ಆಂಪಿಯರ್. ಸಣ್ಣ ಪ್ಲಗ್ಗು ಕಪ್ಪಗಾಗಿ ಕರಗುವುದರ ಗುಟ್ಟು ಇದು. ಅದಕ್ಕೂ, 2,000 ವ್ಯಾಟಿನ ಗೀಸರು, ಇಂಡಕ್ಷನ್ ಒಲೆಗಳಿಗೂ 16 ಆಂಪಿಯರಿನ ಪ್ಲಗ್ಗೇ ಬೇಕು, ವೈರು 1.5 ಚದರ ಮಿಲಿಮೀಟರಿಗಿಂತ ಸಣ್ಣದಿರಬಾರದು.

ಪ್ಲಗ್ಗಿನ ಪಿನ್ನುಗಳು ನಮ್ಮಿಂದ ಆಚೆ ನೋಡುವಂತೆ, ದಪ್ಪ ಪಿನ್ನು ಮೇಲಿರುವಂತೆ ಹಿಡಿದರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಪ್ಲಗ್ಗಿನ ಮೇಲೆ ಅಕ್ಷರದ ಗುರುತಿದ್ದರೆ ಅದನ್ನೂ ನೋಡಿಕೊಳ್ಳಬೇಕು. ತುದಿಯ ಎಳೆಗಳನ್ನು ಬಿಗಿಯಾಗಿ ಹೊಸೆದು ಸ್ಕ್ರೂ ಕೆಳಗೆ ಕೂರಿಸಬೇಕು, ಒಂದು ಎಳೆಯೂ ಹೊರಗೆ ಚಾಚಿರಬಾರದು. ತುದಿಗೆ ಬೆಸುಗೆ ಹಾಕಿ ಬಿಗಿದರೆ ಕ್ರಮೇಣ ಸೀಸ ಜಗ್ಗಿ ಸ್ಕ್ರೂ ಸಡಿಲವಾಗುತ್ತದೆ. ಅರ್ಥ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಟ್ಟರೆ, ಜಗ್ಗಾಟದಲ್ಲಿ ಕೊನೆಗೆ ಕಿತ್ತುಬರುವುದು ಅದು. ಕ್ಲಾಂಪು ಹಿಡಿಯಬೇಕಾದ್ದು ಹೊರಗಿನ ದಪ್ಪ ಹೊದಿಕೆಯನ್ನು, ಒಳಗಿನ ಬಣ್ಣದ ವೈರುಗಳನ್ನಲ್ಲ.

ಸಾಕೆಟ್ಟಿಗೆ ಅರ್ಥ್ ಬಂದಿಲ್ಲವೆಂದು ನ್ಯೂಟ್ರಲ್ಲಿನಿಂದಲೇ ಒಂದು ತುಂಡು ವೈರನ್ನು ಅರ್ಥಿನ ಜಾಗಕ್ಕೆ ಕೊಡುವವರಿದ್ದಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ, ವಾಷಿಂಗ್ ಮೆಷಿನ್ನಿನ ಮೈಯೆಲ್ಲ ಫೇಸ್ ಆಗುತ್ತದೆ. ಅರ್ಥೇ ಇಲ್ಲದ್ದಕ್ಕಿಂತ ಇದು ಕೆಟ್ಟದ್ದು.

ನೂರಿಪ್ಪತ್ತು ವರ್ಷಗಳಲ್ಲಿ ಮಾನದಂಡ, ವಸ್ತು, ಸಾಧನ ಮೂರೂ ಸುಧಾರಿಸಿವೆ. ಹಿಂದೆ ಉಳಿದಿರುವುದು ಗೋಡೆಯಿಂದ ಉಪಕರಣದವರೆಗಿನ ಕೊನೆಯ ಒಂದೆರಡು ಮೀಟರು. ಅಲ್ಲಿ ಇನ್ನೂ ಬೆಂಕಿಕಡ್ಡಿ ಸಿಕ್ಕಿಸಿ ಬರಿ ವೈರು ಕೂರಿಸುತ್ತೇವೆ, ಅರ್ಥ್ ಪಿನ್ನು ಮುರಿಯುತ್ತೇವೆ. ಪ್ಲಗ್ ಬದಲಿಸುವ ಕೆಲಸವನ್ನು, ಉಪಕರಣವನ್ನು ಸಾಕೆಟ್ಟಿನಿಂದ ಕಿತ್ತಿಟ್ಟು, ತಿಳಿದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಗೋಡೆಯ ವೈರಿಂಗು, ಅರ್ಥ್ ಗುಂಡಿ, ಮೀಟರ್ ಬೋರ್ಡುಗಳನ್ನು ಲೈಸೆನ್ಸ್ ಇರುವವರಿಗೇ ಬಿಡಿ. ಐಎಸ್‌ಐ ಗುರುತಿನ ವೈರು, ಪ್ಲಗ್ಗುಗಳನ್ನೇ ಕೊಳ್ಳಿ. ಆರ್‌ಸಿಸಿಬಿ ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಇಲ್ಲದಿದ್ದರೆ ಮನೆಗೆ ಮುಂದಿನ ಖರ್ಚು ಅದೇ ಆಗಲಿ.