ಸಹತಜ್ಞರ ಪರಿಶೀಲನೆ

ವಿಜ್ಞಾನ ಪತ್ರಿಕೆಯೊಂದಕ್ಕೆ ಬಂದ ಸಂಶೋಧನಾ ಪ್ರಬಂಧವನ್ನು ಅಚ್ಚಿಗೆ ಕೊಡುವ ಮುನ್ನ, ಅದೇ ಕ್ಷೇತ್ರದಲ್ಲಿ ದುಡಿಯುತ್ತಿರುವ ಬೇರೆ ವಿಜ್ಞಾನಿಗಳಿಗೆ ಕಳುಹಿಸಿ ಅವರ ಲಿಖಿತ ಅಭಿಪ್ರಾಯ ಪಡೆಯುವ ಪದ್ಧತಿಗೆ ಸಹತಜ್ಞರ ಪರಿಶೀಲನೆ ಎಂದು ಹೆಸರು. ವಿಶ್ವವಿದ್ಯಾಲಯಗಳ ಆಡುಮಾತಿನಲ್ಲಿ ಇದು ಪೀರ್ ರಿವ್ಯೂ. ಅಭಿಪ್ರಾಯ ಕೊಡುವವರನ್ನು ಪರಿಶೀಲಕರು ಅಥವಾ ರೆಫರಿಗಳು ಎನ್ನುತ್ತಾರೆ. ಇವರು ಪತ್ರಿಕೆಯ ನೌಕರರಲ್ಲ, ಸಾಮಾನ್ಯವಾಗಿ ಸಂಭಾವನೆಯನ್ನೂ ಪಡೆಯುವುದಿಲ್ಲ. ಇಂದು ಇನ್ನೊಬ್ಬರ ಪ್ರಬಂಧವನ್ನು ತೂಗುವವರ ಪ್ರಬಂಧವನ್ನು ನಾಳೆ ಮತ್ತೊಬ್ಬರು ತೂಗುತ್ತಾರೆ ಎಂಬ ಪರಸ್ಪರ ಋಣದ ಮೇಲೆಯೇ ಈ ಏರ್ಪಾಡು ನಿಂತಿದೆ.

ಪ್ರಬಂಧ ಮೊದಲು ತಲುಪುವುದು ಸಂಪಾದಕರನ್ನು. ವಿಷಯವು ಪತ್ರಿಕೆಯ ವ್ಯಾಪ್ತಿಗೆ ಸೇರದಿದ್ದರೆ, ಕೃತಿಚೌರ್ಯದ ಸುಳಿವು ಸಿಕ್ಕರೆ ಅಥವಾ ಹೊಸತೇನೂ ಕಾಣದಿದ್ದರೆ ಅವರು ಅದನ್ನು ಯಾರಿಗೂ ಕಳುಹಿಸದೆ ಹಿಂದಿರುಗಿಸುತ್ತಾರೆ. ಹೆಸರಾಂತ ಪತ್ರಿಕೆಗಳಲ್ಲಿ ಬಹುಪಾಲು ಪ್ರಬಂಧಗಳ ಪಯಣ ಇಲ್ಲಿಗೇ ಮುಗಿಯುತ್ತದೆ. ಉಳಿದವುಗಳಿಗೆ ಎರಡು ಮೂರು ಮಂದಿ ಪರಿಶೀಲಕರನ್ನು ಗೊತ್ತುಮಾಡಲಾಗುತ್ತದೆ. ವಿಷಯ ಬಲ್ಲವರಾಗಿದ್ದೂ ಲೇಖಕರ ಸಹೋದ್ಯೋಗಿಯೋ ಗುರುವೋ ನೇರ ಎದುರಾಳಿಯೋ ಆಗಿರದವರನ್ನು ಹುಡುಕುವುದು ಕಿರಿದಾದ ಕ್ಷೇತ್ರಗಳಲ್ಲಿ ಸುಲಭವಲ್ಲ. ಆದ್ದರಿಂದ ಕೆಲವು ಪತ್ರಿಕೆಗಳು ಹೆಸರು ಸೂಚಿಸುವಂತೆ ಲೇಖಕರನ್ನೇ ಕೇಳುತ್ತವೆ. ಈ ಸೌಲಭ್ಯವನ್ನು ಬಳಸಿಕೊಂಡು ಸುಳ್ಳು ಇಮೇಲ್ ವಿಳಾಸ ಕೊಟ್ಟು ತಮ್ಮ ಪ್ರಬಂಧಕ್ಕೆ ತಾವೇ ಮೆಚ್ಚುಗೆ ಬರೆದುಕೊಂಡವರೂ ಇದ್ದು, ಅಂಥ ಅನೇಕ ಪ್ರಬಂಧಗಳನ್ನು ಪ್ರಕಾಶಕರು ಮುಂದೆ ಹಿಂತೆಗೆದುಕೊಂಡಿದ್ದಾರೆ.

ಪರಿಶೀಲಕರ ವರದಿ ಸಾಮಾನ್ಯವಾಗಿ ಪ್ರಬಂಧದ ಸಾರಾಂಶದಿಂದ ಆರಂಭವಾಗುತ್ತದೆ; ಲೇಖಕರು ಹೇಳಿದ್ದನ್ನು ಪರಿಶೀಲಕರು ಸರಿಯಾಗಿ ಗ್ರಹಿಸಿದ್ದಾರೆಯೇ ಎಂಬುದು ಸಂಪಾದಕರಿಗೆ ಅಲ್ಲೇ ತಿಳಿದುಬಿಡುತ್ತದೆ. ಬಳಿಕ ಮುಖ್ಯ ಆಕ್ಷೇಪಗಳು ಬರುತ್ತವೆ: ಔಷಧ ಕೊಟ್ಟವರೊಂದಿಗೆ ಹೋಲಿಸಲು ಕೊಡದವರ ಗುಂಪು ಇದೆಯೇ, ಮಾದರಿಗಳ ಸಂಖ್ಯೆ ಸಾಕಷ್ಟಿದೆಯೇ, ದತ್ತಾಂಶ ಹೇಳುವುದಕ್ಕಿಂತ ತೀರ್ಮಾನ ಮುಂದಕ್ಕೆ ಹೋಗಿದೆಯೇ ಎಂಬಂಥವು. ಕೊನೆಯಲ್ಲಿ ಸ್ವೀಕಾರ, ಅಲ್ಪ ತಿದ್ದುಪಡಿ, ಹೆಚ್ಚಿನ ತಿದ್ದುಪಡಿ, ತಿರಸ್ಕಾರ ಇವುಗಳಲ್ಲೊಂದನ್ನು ಶಿಫಾರಸು ಮಾಡಲಾಗುತ್ತದೆ. ಇದು ಶಿಫಾರಸು ಮಾತ್ರ; ತೀರ್ಪು ಸಂಪಾದಕರದು. ತಿದ್ದುಪಡಿಗೆ ಮರಳಿದ ಪ್ರಬಂಧದ ಲೇಖಕರು ಒಂದೊಂದು ಆಕ್ಷೇಪಕ್ಕೂ ಉತ್ತರ ಬರೆದು ಕಳುಹಿಸಬೇಕಾಗುತ್ತದೆ. ಒಪ್ಪದಿರುವ ಹಕ್ಕು ಅವರಿಗಿದೆಯಾದರೂ ಕಾರಣ ಕೊಡದೆ ಜಾರಿಕೊಳ್ಳುವಂತಿಲ್ಲ.

ಲೇಖಕರು ಯಾರೆಂಬುದು ಪರಿಶೀಲಕರಿಗೆ ತಿಳಿದಿದ್ದು ಪರಿಶೀಲಕರು ಯಾರೆಂಬುದು ಲೇಖಕರಿಗೆ ತಿಳಿಯದಿರುವುದು ವಿಜ್ಞಾನದಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮ. ಇಬ್ಬರ ಹೆಸರೂ ಮರೆಯಾಗಿರುವ ಕ್ರಮವೂ, ಎರಡೂ ಬಹಿರಂಗವಾಗಿರುವ ಕ್ರಮವೂ ಇವೆ.

ಈ ಪದ್ಧತಿ ವಿಜ್ಞಾನ ಪತ್ರಿಕೆಗಳಷ್ಟೇ ಹಳೆಯದೆಂಬ ನಂಬಿಕೆ ಪೂರ್ತಿ ನಿಜವಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಆರಂಭಿಸಿದಾಗ ಆಯ್ಕೆ ಬಹುಮಟ್ಟಿಗೆ ಅವನ ವಿವೇಚನೆಗೇ ಬಿಟ್ಟದ್ದಾಗಿತ್ತು. ಅದೇ ಸೊಸೈಟಿ 1830ರ ದಶಕದ ಆರಂಭದಲ್ಲಿ ಲಿಖಿತ ವರದಿಗಳ ಕ್ರಮ ತಂದಿತು. ಜಾರ್ಜ್ ಏರಿಯ ಖಗೋಳ ಪ್ರಬಂಧವನ್ನು ಜಂಟಿಯಾಗಿ ಪರಿಶೀಲಿಸಿದ ವಿಲಿಯಂ ಹ್ಯೂವೆಲ್ ಮತ್ತು ಜಾನ್ ಲಬಕ್ ಮೊದಲ ಯತ್ನದಲ್ಲೇ ಭಿನ್ನಮತಕ್ಕೆ ಬಿದ್ದರು. ಪ್ರಬಂಧದ ಮಹತ್ವವನ್ನು ಎತ್ತಿ ತೋರಿಸುವುದೇ ವರದಿಯ ಕೆಲಸವೆಂದು ಹ್ಯೂವೆಲ್ ವಾದಿಸಿದರೆ, ಗಣಿತದ ದೋಷಗಳನ್ನು ಹೇಳಲೇಬೇಕೆಂದು ಲಬಕ್ ಪಟ್ಟುಹಿಡಿದನು. ಆ ವಾದ ಇಂದಿಗೂ ಬಗೆಹರಿದಿಲ್ಲ.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲೂ ಇದು ಸಾರ್ವತ್ರಿಕವಾಗಿರಲಿಲ್ಲ. 1936ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಗುರುತ್ವ ತರಂಗಗಳು ಇಲ್ಲವೆಂದು ವಾದಿಸುವ ಪ್ರಬಂಧವನ್ನು ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರಿಗೆ ಕೊಟ್ಟು, ಬಂದ ಆಕ್ಷೇಪಗಳೊಂದಿಗೆ ಹಿಂದಿರುಗಿಸಿದಾಗ, ಅಚ್ಚಾಗುವ ಮೊದಲೇ ಅನ್ಯರಿಗೆ ತೋರಿಸಲು ತಾನು ಅನುಮತಿ ಕೊಟ್ಟಿರಲಿಲ್ಲವೆಂದು ಸಿಟ್ಟಾದ ಐನ್‌ಸ್ಟೈನ್ ಪ್ರಬಂಧವನ್ನೇ ಹಿಂಪಡೆದನು. ತಪ್ಪು ಇದ್ದದ್ದು ನಿಜ. ಮರುವರ್ಷ ಅದು ಬೇರೊಂದು ಪತ್ರಿಕೆಯಲ್ಲಿ ಬಂದಾಗ ತೀರ್ಮಾನ ಬದಲಾಗಿತ್ತು. ಆ ಅನಾಮಧೇಯ ಪರಿಶೀಲಕ ಭೌತವಿಜ್ಞಾನಿ ಹೋವರ್ಡ್ ರಾಬರ್ಟ್‌ಸನ್ ಎಂಬುದು ಪತ್ರಿಕೆಯ ಹಳೆಯ ದಾಖಲೆಗಳಿಂದ ದೃಢಪಟ್ಟದ್ದು 2005ರಲ್ಲಿ. ಅತ್ತ ಬ್ರಿಟನ್ನಿನ 'ನೇಚರ್' 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್‌ರ ಡಿಎನ್‌ಎ ರಚನೆಯ ಪ್ರಬಂಧವನ್ನು ಯಾವ ಪರಿಶೀಲಕರಿಗೂ ಕಳುಹಿಸದೆ ಪ್ರಕಟಿಸಿತು. ಅಲ್ಲಿ ಪರಿಶೀಲನೆ ಕಡ್ಡಾಯವಾದದ್ದು 1973ರಲ್ಲಿ.

ಪರಿಶೀಲಕರು ಓದುವುದು ಬರಹವನ್ನು. ಪ್ರಯೋಗವನ್ನು ಅವರು ಮರಳಿ ಮಾಡಿ ನೋಡುವುದಿಲ್ಲ. ಹೀಗಾಗಿ ತರ್ಕದ ಬಿರುಕು ಅವರ ಕಣ್ಣಿಗೆ ಬೀಳುವಷ್ಟು ಸುಲಭವಾಗಿ, ಜಾಣತನದಿಂದ ಹೆಣೆದ ಸುಳ್ಳು ದತ್ತಾಂಶ ಬೀಳುವುದಿಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆಯೆಂಬ ಭೀತಿ ಹುಟ್ಟಿಸಿದ 1998ರ ಪ್ರಬಂಧವನ್ನು ಪ್ರಕಟಿಸಿದ್ದು 'ಲ್ಯಾನ್ಸೆಟ್'. ಪೂರ್ಣವಾಗಿ ಹಿಂತೆಗೆದುಕೊಳ್ಳಲು ಅದಕ್ಕೆ 2010ರವರೆಗೆ ಕಾಲ ಹಿಡಿಯಿತು. ಪಕ್ಷಪಾತದ ಪ್ರಶ್ನೆಯೂ ಇದೆ. 1982ರಲ್ಲಿ ಡಗ್ಲಸ್ ಪೀಟರ್ಸ್ ಮತ್ತು ಸ್ಟೀಫನ್ ಸೆಸಿ ಈಗಾಗಲೇ ಅಚ್ಚಾಗಿದ್ದ 12 ಮನೋವಿಜ್ಞಾನ ಪ್ರಬಂಧಗಳನ್ನು ಕಲ್ಪಿತ ಲೇಖಕರು ಮತ್ತು ಸಂಸ್ಥೆಗಳ ಹೆಸರಿನಲ್ಲಿ ಅವೇ ಪತ್ರಿಕೆಗಳಿಗೆ ಮತ್ತೆ ಕಳುಹಿಸಿದ ಅಧ್ಯಯನವನ್ನು ಪ್ರಕಟಿಸಿದರು. ಮೂರರ ಗುಟ್ಟು ಮಾತ್ರ ರಟ್ಟಾಗಿ, ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕೃತವಾದವು.

ಇಂಥ ಟೀಕೆಗಳ ಫಲವಾಗಿ ಪದ್ಧತಿ ಬದಲಾಗುತ್ತಿದೆ. 'ಬ್ರಿಟಿಷ್ ಮೆಡಿಕಲ್ ಜರ್ನಲ್' 1999ರಿಂದ ಪರಿಶೀಲಕರ ಹೆಸರನ್ನು ಲೇಖಕರಿಗೆ ತಿಳಿಸತೊಡಗಿತು. ಭೌತವಿಜ್ಞಾನಿಗಳಂತೂ 1991ರಲ್ಲಿ ಶುರುವಾದ 'ಆರ್ಕೈವ್' ಎಂಬ ಅಂತರಜಾಲ ಭಂಡಾರದಲ್ಲಿ ಪರಿಶೀಲನೆಗೆ ಮುನ್ನವೇ ತಮ್ಮ ಪ್ರಬಂಧಗಳನ್ನು ತೆರೆದಿಡುತ್ತಾರೆ. ಜೀವವಿಜ್ಞಾನದ 'ಈಲೈಫ್' ಪತ್ರಿಕೆ 2023ರಲ್ಲಿ ಇನ್ನೂ ಮುಂದೆ ಹೋಗಿ, ಪರಿಶೀಲನೆಗೆ ತೆಗೆದುಕೊಂಡ ಪ್ರಬಂಧಗಳ ಮೇಲೆ ಸ್ವೀಕಾರ ಅಥವಾ ತಿರಸ್ಕಾರದ ಮುದ್ರೆ ಒತ್ತುವುದನ್ನೇ ನಿಲ್ಲಿಸಿ, ಪರಿಶೀಲಕರ ವರದಿಗಳನ್ನು ಪ್ರಬಂಧದ ಜೊತೆಯಲ್ಲೇ ಪ್ರಕಟಿಸುತ್ತಿದೆ.